ಕೆಂಪು ಗಂಜಿ, ಬಿಳಿ ಗಂಜಿ

ಆಗಸ್ಟ್ 20, ಮಂಗಳವಾರ

ನನ್ನ ಹದಿನಾಲ್ಕು ನೋಟ್ ಪುಸ್ತಕಗಳೂ ಕಂಪನಿಯ ಹೊಟ್ಟೆ ಸೇರಿದವು. ಈ ಹದಿನೈದನೆಯದು ಖಾಲಿ ಉಳಿದಿದೆ. ಗಿರಾಕಿಗಳ ವಿಷಯವನ್ನು ಇನ್ನು ಮೇಲೆ ಮೊಬೈಲಿನಲ್ಲೇ ಬರೆಯಬೇಕಂತೆ. ಹಾಗೆಂದು ಕಾಸು ಕೊಟ್ಟು ತಂದ ಪುಸ್ತಕವನ್ನು ಗೆದ್ದಲಿಗೆ ಹಾಕಲೇ? ನನ್ನ ವಿಷಯವನ್ನೇ ಬರೆದುಕೊಳ್ಳುತ್ತೇನೆ. ಇಲ್ಲಿ ಹೊಗಳಿಕೊಂಡರೂ ಬೈದುಕೊಂಡರೂ ಕೇಳುವವರು ಯಾರೂ ಇಲ್ಲ.

ಇವತ್ತು ಹೊಗಳಿಕೊಳ್ಳುವ ದಿನ. ಸೋಲೋ ಪಟ್ಟಣದ ದೊಡ್ಡ ಹೋಟೆಲಿನಲ್ಲಿ ಮುನ್ನೂರು ಜನ ವಿಮೆ ಏಜೆಂಟರ ಎದುರಿಗೆ ಹೆಂಗಸರಿಗೆ ‘ಬು’, ಗಂಡಸರಿಗೆ ‘ಪಕ್’ ಎನ್ನುವ ಮರ್ಯಾದೆ ಬಿಡದೆ ನನ್ನ ಹೆಸರು ಕೂಗಿದರು: ‘ಈ ವರ್ಷದ ಡಿಜಿಟಲ್ ಮುಂದಾಳು, ಕ್ಲಾತೆನ್ ಶಾಖೆಯ ಬು ವಿನಾರ್ಸಿ!’ ಒಂದು ಗಾಜಿನ ಫಲಕ ಕೊಟ್ಟರು, ಜೊತೆಗೆ ಅನ್ನ ಮಾಡುವ ಕರೆಂಟು ಕುಕ್ಕರು. ಯಾಕೆ ಕೊಡಬಾರದು? ಎರಡು ತಿಂಗಳು ಎರಡೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಇಪ್ಪತ್ತೇಳು ವರ್ಷದ ಬರಹವನ್ನು ಆ್ಯಪಿಗೆ ತುಂಬಿದ್ದೇನೆ. ಮುನ್ನೂರ ಹನ್ನೆರಡು ಮನೆಗಳು. ಯಾರು ಚಹಾಕ್ಕೆ ಸಕ್ಕರೆ ಹಾಕುವುದಿಲ್ಲ, ಯಾರ ಸೊಸೆ ಅತ್ತೆಯ ಜೊತೆ ಮಾತು ಬಿಟ್ಟಿದ್ದಾಳೆ, ಯಾರ ತಂದೆ ತೀರಿಹೋದ ಸಾವಿರನೇ ದಿನದ ಊಟ ಯಾವ ತಿಂಗಳು ಬರುತ್ತದೆ, ಎಲ್ಲ ಅದರಲ್ಲಿದೆ. ಏಜೆಂಟಿನ ಬಂಡವಾಳ ಎಂದರೆ ಅದೇ. ಉಳಿದ ಏಜೆಂಟರು ಉದಾಸೀನ ಮಾಡಿದರು, ನಾನು ಮಾಡಲಿಲ್ಲ.

ಆಮೇಲೆ ನಮ್ಮ ಶಾಖೆಯ ಮ್ಯಾನೇಜರ್ ದಿಮಸ್ ವೇದಿಕೆ ಹತ್ತಿದ. ಮೂವತ್ತೊಂದು ವರ್ಷದ ಹುಡುಗ, ಮಾತು ಮಾತ್ರ ಮಂತ್ರಿಗಳ ಹಾಗೆ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಮಲ್ಲಿಗೆ ಹೂವಿನ ಚಿತ್ರ ಬಂತು. ಅದರ ಹೆಸರು ‘ಸೆಕರ್’ ಅಂತೆ, ಆ್ಯಪಿನೊಳಗೆ ಕುಳಿತು ಮಾತನಾಡುವ ಯಂತ್ರ. ದಿಮಸ್ ಕೇಳಿದ: “ಸೆಕರ್, ಗಿರಾಕಿ ತೀರಿಹೋಗಿದ್ದಾರೆ. ಹೆಂಡತಿ ಫೋನಲ್ಲಿದ್ದಾರೆ. ಏನಂತೀಯ?”

ಪರದೆ ಮಾತನಾಡಿತು. “ಒಂದು ತುತ್ತಾದ್ರೂ ಉಂಡ್ರಾ, ಬು? ಮೊದ್ಲು ಉಂಡು ಬನ್ನಿ, ನಾನು ಕಾಯ್ತೀನಿ. ಕಾಗದ ಎಲ್ಲೂ ಓಡಿಹೋಗಲ್ಲ.”

ಅದು ನನ್ನ ಮಾತು! ಸಾವಿನ ಮನೆಯಲ್ಲಿ ನಾನು ಮೊದಲು ಆಡುವ ಮಾತು. ಮಾತೊಂದೇ ಅಲ್ಲ, ದನಿಯೂ ನನ್ನದೇ. ಜೂನ್‌ನಲ್ಲಿ ತರಬೇತಿಗೆಂದು ಹೇಳಿ ಒಂದು ಕೋಣೆಯಲ್ಲಿ ಕೂರಿಸಿ ಎರಡು ದಿನ ಏನೇನೋ ಓದಿಸಿದ್ದರು. ಇಡೀ ಸಭೆ ಚಪ್ಪಾಳೆ ಹೊಡೆಯಿತು. ಕೆಳಗಿಳಿದು ಬಂದ ದಿಮಸನ ತೋಳು ಹಿಡಿದು, “ಅದು ನನ್ನ ದನಿ ಕಣೋ!” ಎಂದೆ. “ಅದಕ್ಕೇ ಅಲ್ವಾ ಬು, ಕುಕ್ಕರ್ ಕೊಟ್ಟಿರೋದು!” ಎಂದು ನಕ್ಕ. ನಾನೂ ನಕ್ಕೆ.

ನಮ್ಮವರು ಪಾರಿವಾಳದ ಪಂಜರ ತೊಳೆಯುತ್ತ ಎಲ್ಲ ಕೇಳಿಸಿಕೊಂಡು, “ಮನೇಲಿ ಸ್ವಲ್ಪ ಮಾತು ಕಮ್ಮಿ ಮಾಡು ಮಾರಾಯ್ತಿ. ಇನ್ಮೇಲೆ ನಿನ್ನ ಮಾತು ಕೇಳಿದ್ದಕ್ಕೆ ಕಂಪನಿಯೋರು ನಂಗೆ ಬಿಲ್ ಕಳಿಸ್ಬಿಟ್ಟಾರು,” ಎಂದರು.

ಆಗಸ್ಟ್ 26, ಸೋಮವಾರ

ಕರಿದ ತೋಫು ಮಾರುವ ಬು ಹರ್ಜಂತಿ ದಾರಿಯಲ್ಲಿ ಅಡ್ಡ ಹಾಕಿದಳು. “ನನ್ನ ಹುಟ್ಟಿದ ದಿನ ನೆನಪಿಟ್ಟು ಫೋನ್ ಮಾಡಿದ್ಯಲ್ಲ, ನನ್ನ ಮಕ್ಕಳಿಗೇ ನೆನಪಿರ್ಲಿಲ್ಲ! ಅಮ್ಮನ ಮಂಡಿನೋವಿನ ಬಗ್ಗೆನೂ ಕೇಳಿದೆ!” ಎಂದು ಒಂದು ಪೊಟ್ಟಣ ತೋಫು ಕೈಗೆ ತುರುಕಿದಳು.

ನಾನು ಫೋನ್ ಮಾಡಿರಲೇ ಇಲ್ಲ. ನನ್ನ ದನಿಯಲ್ಲಿ ಸೆಕರ್ ಮಾಡಿರಬೇಕು. “ಅಯ್ಯೋ, ಅದ್ರಲ್ಲೇನಿದೆ ಬಿಡು,” ಎಂದುಬಿಟ್ಟೆ. ತೋಫು ಬಿಸಿಯಾಗಿತ್ತು, ತಿಂದೆ. ಹೀಗೆ ಈ ವಾರ ಐದು ಜನ ಥ್ಯಾಂಕ್ಸ್ ಹೇಳಿದ್ದಾರೆ. ನಾನು ಮಲಗಿದ್ದಾಗಲೂ ನಾನು ಊರು ಸುತ್ತುತ್ತಿದ್ದೇನೆ ಎಂದಾಯಿತು! ಹೆದರಿಕೆಯಾಗಬೇಕಿತ್ತೇನೋ. ನಿಜ ಹೇಳಬೇಕೆಂದರೆ ಸ್ವಲ್ಪ ಖುಷಿಯೇ ಆಯಿತು.

ಸೆಪ್ಟೆಂಬರ್ 2, ಸೋಮವಾರ

ನನ್ನ ಗಿರಾಕಿ, ನೇಕಾರ ಪಕ್ ಸುಗೆಂಗ್ ಹೋಗಿಬಿಟ್ಟರು. ಬೆಳಿಗ್ಗೆ ಹತ್ತಕ್ಕೆ ಮಗ್ಗದ ಮೇಲೆ ಕುಳಿತಲ್ಲೇ, ಕೈಯಲ್ಲಿ ಲಾಳಿ ಹಿಡಿದಂತೆಯೇ. ಐವತ್ತೊಂದು ವಯಸ್ಸು. ಹೃದಯ ನಿಂತಿತು ಎಂದರು.

ಪೆದಾನ್ ಊರಿನಲ್ಲಿ ಪಟ್ಟೆ ಬಟ್ಟೆಯನ್ನು ಕೈಮಗ್ಗದಲ್ಲಿ ನೇಯುವವರು ಈಗ ಬೆರಳೆಣಿಕೆಯಷ್ಟು. ಅವರದು ಆರು ಮರದ ಮಗ್ಗ. ಗಂಡ, ಹೆಂಡತಿ ತುಗಿನೆಮ್, ಮತ್ತೆ ಎಪ್ಪತ್ತರ ಆಸುಪಾಸಿನ ನಾಲ್ವರು ನೇಕಾರ ಅಜ್ಜಿಯರು. ಮಕ್ಕಳಿಲ್ಲ. ಆ ಅಜ್ಜಿಯರೇ ಸಂಸಾರ, ಆ ಮಗ್ಗಗಳೇ ಆಸ್ತಿ.

ನಾನು ಯಾವತ್ತಿನಂತೆ ಅಕ್ಕಿ ಸಕ್ಕರೆ ಹೊತ್ತುಕೊಂಡು ಹೋದೆ. ತುಗಿನೆಮ್ ನನ್ನನ್ನು ನೋಡಿದಳು. ನೋಡಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಇಪ್ಪತ್ತೇಳು ವರ್ಷದಲ್ಲಿ ಎಷ್ಟೊಂದು ಸಾವಿನ ಮನೆಗೆ ಹೋಗಿದ್ದೇನೆ, ಯಾರೂ ನನಗೆ ಮುಖ ತಿರುಗಿಸಿದ್ದಿಲ್ಲ. ದುಃಖದಲ್ಲಿ ಗುರುತು ಸಿಗಲಿಲ್ಲವೇನೋ ಎಂದುಕೊಂಡೆ.

ಸುಗೆಂಗ್ ಅವರ ಅಣ್ಣ ಕರ್ಯದಿ ಹೊರಗೆ ಕುರ್ಚಿಯಲ್ಲಿ ಕುಳಿತು ಆಗಲೇ ಯಜಮಾನಿಕೆ ಶುರು ಮಾಡಿದ್ದ. ಜೋಗ್ಜಾದ ಕಾಫಿ ಹೋಟೆಲಿನವನೊಬ್ಬ ಹಳೆ ಮಗ್ಗಗಳನ್ನು ಕೇಳುತ್ತಿದ್ದಾನಂತೆ. ಕೊಯ್ದು ಮೇಜು ಮಾಡುತ್ತಾನಂತೆ! “ನೂಲು ತರೋಕೆ ಇನ್ಮೇಲೆ ಯಾರ ಹತ್ರ ಕಾಸಿದೆ? ನಲವತ್ತನೇ ದಿನದ ಊಟ ಮುಗೀಲಿ, ಮಾರನೇ ದಿನ ಲಾರಿ ಬರುತ್ತೆ,” ಎಂದ. ಮಣ್ಣು ಮಾಡಿ ಇನ್ನೂ ಎರಡು ಗಂಟೆಯಾಗಿರಲಿಲ್ಲ. ಅಜ್ಜಿಯರು ನಾಲ್ವರೂ ನೆಲ ನೋಡಿದರು.

ನನಗೆ ತಡೆಯಲಾಗಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: “ಯಾರೂ ಏನೂ ಮಾರ್ಬೇಕಾಗಿಲ್ಲ. ಅವ್ರದ್ದು ಪಾಲಿಸಿ ಇದೆ. ಕ್ಲೇಮು ವಾರದೊಳಗೆ ನಾನೇ ಮುಂದೆ ನಿಂತು ಕೊಡಿಸ್ತೀನಿ.”

ಸೆಪ್ಟೆಂಬರ್ 8, ಭಾನುವಾರ

ಏಳನೇ ದಿನದ ಊಟ. ಮಧ್ಯಾಹ್ನ ಹಿತ್ತಿಲಲ್ಲಿ ಬಾಳೆ ಎಲೆ ಒರೆಸುತ್ತ ಕುಳಿತಿದ್ದೆವು, ನಾನು ಮತ್ತು ತುಗಿನೆಮ್. ಆರು ದಿನದಿಂದ ಒಂದು ಮಾತು ಆಡದವಳು, ತಲೆ ಎತ್ತದೆಯೇ ಕೇಳಿದಳು.

“ನೀನ್ಯಾಕಕ್ಕ ಆ ಹೆಸರು ಹಿಡಿದು ಕರೆದೆ?”

“ಯಾವ ಹೆಸ್ರೇ?”

“ಆ ಶನಿವಾರ ಫೋನ್ ಮಾಡಿದ್ಯಲ್ಲ. ಎಲ್ಲಾರೂ ಕೇಳ್ಲಿ ಅಂತ ಅವ್ರು ಸ್ಪೀಕರ್ ಹಾಕಿದ್ರು. ‘ಪ್ರೀತಿಯ ಪಕ್ ಪೊನಿಮನ್, ಹುಟ್ಟಿದ ದಿನದ ಶುಭಾಶಯ’ ಅಂದೆ. ಮೂರು ಸಲ ಪೊನಿಮನ್, ಪೊನಿಮನ್ ಅಂದೆ. ಅವ್ರ ಮುಖಕ್ಕೆ ಬೂದಿ ಬಡಿದಂಗಾಯ್ತು. ಆಮೇಲೆ ಅನ್ನ ಮುಟ್ಲಿಲ್ಲ. ಸೋಮವಾರ ಹೋದ್ರು.”

ಎಲೆ ಕೈಯಿಂದ ಜಾರಿತು.

ಮೂರು ವರ್ಷದ ಹಿಂದೆ ಅವರು ಪೊನಿಮನ್ ಆಗಿದ್ದರು. ನಾಲ್ಕು ತಿಂಗಳು ಹಾಸಿಗೆ ಹಿಡಿದಿದ್ದರು. ಕಾಲು ಊದಿ, ಉಸಿರು ಕಟ್ಟಿ, ಆಸ್ಪತ್ರೆಯವರು ಹೃದಯ ಎಂದು ಹೇಳಿ ಮನೆಗೆ ಕಳಿಸಿದ್ದರು. ಊರಿನ ಹಿರಿಯರು ಬಂದು ನೋಡಿ, ‘ಈ ಹೆಸರು ಭಾರವಾಗಿದೆ, ಈ ಮನುಷ್ಯನ ಕೈಲಿ ಹೊರಕ್ಕಾಗ್ತಿಲ್ಲ, ಇಳಿಸಿಬಿಡಿ’ ಎಂದರು. ತಾಳೆಬೆಲ್ಲದ ಕೆಂಪು ಗಂಜಿ, ತೆಂಗಿನ ಹಾಲಿನ ಬಿಳಿ ಗಂಜಿ ಮಾಡಿ, ಊರನ್ನು ಕರೆದು, ಸುಗೆಂಗ್ ಎಂದು ಹೆಸರಿಟ್ಟರು. ಸುಗೆಂಗ್ ಎಂದರೆ ಕ್ಷೇಮವಾಗಿರುವವನು. ನಾನೂ ಇದ್ದೆ, ಎರಡು ಬಟ್ಟಲು ಗಂಜಿ ಉಂಡೆ. ತಿಂಗಳೊಳಗೆ ಅವರು ಮಗ್ಗ ಹತ್ತಿದರು. ಅಂದಿನಿಂದ ಹಳೆಯ ಹೆಸರನ್ನು ಆ ಕೇರಿಯಲ್ಲಿ ಯಾರೂ ಬಾಯಿ ತಪ್ಪಿಯೂ ಆಡುವುದಿಲ್ಲ, ಆಡಿದರೆ ರೋಗ ತನ್ನನ್ನೇ ಕರೆದರೆಂದು ಓಗೊಟ್ಟು ಬಂದೀತು ಎಂದು. ಸರ್ಕಾರಿ ಕಾಗದದಲ್ಲಿ ಮಾತ್ರ ಪೊನಿಮನ್ ಎಂದೇ ಉಳಿದಿತ್ತು. ಕೋರ್ಟಿಗೆ ಯಾರು ಅಲೆಯುತ್ತಾರೆ? ಪಾಲಿಸಿಯೂ ಕಾಗದದ ಹೆಸರಿನಲ್ಲೇ ಇತ್ತು.

“ಅದು ನಾನಲ್ಲ ನೆಮ್, ದೇವರಾಣೆ! ಅದು ಯಂತ್ರ. ಕಂಪನಿಯ ಯಂತ್ರ.”

ತುಗಿನೆಮ್ ಎಲೆ ಒರೆಸುತ್ತಲೇ ಇದ್ದಳು. “ಯಂತ್ರಕ್ಕೆ ನಿನ್ ದನಿ ಯಾರು ಕೊಟ್ರಕ್ಕ?”

ಊಟಕ್ಕೂ ನಿಲ್ಲದೆ ಮನೆಗೆ ಬಂದೆ.

ಸೆಪ್ಟೆಂಬರ್ 10, ಮಂಗಳವಾರ

ಕ್ಲೇಮು ಹಾಕಿದೆವು. ಹಿಂದೆಲ್ಲ ನಾನು ಕಾಗದ ಕಟ್ಟಿಕೊಂಡು ಮೂರು ಸಲ ಆಫೀಸಿಗೆ ಅಲೆದು, ಬೈದು, ಬೈಸಿಕೊಂಡು ಮಾಡಿಸುತ್ತಿದ್ದೆ. ಈಗ ತುಗಿನೆಮಳ ಮೊಬೈಲಿನಲ್ಲೇ ಮರಣಪತ್ರದ ಫೋಟೋ ತೆಗೆಯುವುದು, ಬೆರಳಿನಿಂದ ಒತ್ತುವುದು, ಅಷ್ಟೇ. ‘ಏಜೆಂಟರ ನೆರವು ಬೇಕಾಗಿಲ್ಲ’ ಎಂದು ಮೇಲೆಯೇ ಬರೆದಿತ್ತು. ಬೇಕಾಗಿಲ್ಲದ ನಾನು ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತಿದ್ದೆ. ಅಜ್ಜಿಯೊಬ್ಬಳು ಚಹಾ ತಂದಳು.

ಒಂಬತ್ತೇ ನಿಮಿಷ. ಚಹಾ ಇನ್ನೂ ಅರ್ಧ ಇತ್ತು. ಮೊಬೈಲು ನನ್ನ ದನಿಯಲ್ಲಿ ಹೇಳಿತು: “ಒಂದು ತುತ್ತಾದ್ರೂ ಉಂಡ್ರಾ, ಬು? ಮೊದ್ಲು ಉಂಡು ಬನ್ನಿ, ನಾನು ಕಾಯ್ತೀನಿ.” ತುಗಿನೆಮ್ ಪಾಪ, “ಉಂಡೆ,” ಎಂದು ಅದಕ್ಕೆ ಉತ್ತರ ಕೊಟ್ಟಳು. ಆಗ ಅದು ಅಷ್ಟೇ ಮೆಲ್ಲಗೆ ಹೇಳಿತು: “ನಿಮ್ಮ ಕ್ಲೇಮು ಮಂಜೂರಾಗಿಲ್ಲ. ಮೊದಲೇ ಇದ್ದ ಹೃದಯದ ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಟ್ಟಿದ್ದೀರಿ. ಪಾಲಿಸಿಗೆ ಎರಡು ವರ್ಷ ತುಂಬಿಲ್ಲ, ಹಾಗಾಗಿ ಮುಚ್ಚಿಟ್ಟದ್ದು ಸಿಕ್ಕರೆ ಹಣ ಕೊಡುವುದಿಲ್ಲ.”

ತುಗಿನೆಮ್ ಮೊಬೈಲು ನೋಡಲಿಲ್ಲ, ನನ್ನ ಬಾಯಿ ನೋಡಿದಳು.

ಇದಕ್ಕೆ ಹೇಗೆ ಗೊತ್ತಾಯಿತು? ಆಸ್ಪತ್ರೆಯ ಕಾಗದವನ್ನೆಲ್ಲ ಅವರು ಹೆಸರು ಬದಲಿಸಿದ ದಿನವೇ ಸುಟ್ಟಿದ್ದರು. ಯಾರೋ ಹೊಟ್ಟೆಕಿಚ್ಚಿನವರು ಚಾಡಿ ಹೇಳಿರಬೇಕು. ಆ ಕರ್ಯದಿಯೇ ಇರಬೇಕು. ನಾಳೆ ದಿಮಸನ ಆಫೀಸಿಗೆ ಹೋಗುತ್ತೇನೆ. ಚಾಡಿ ಹೇಳಿದವರ ಹೆಸರು ಹೊರಗೆ ಬರಲಿ, ಚಳಿ ಬಿಡಿಸುತ್ತೇನೆ.

ಸೆಪ್ಟೆಂಬರ್ 11, ಬುಧವಾರ

ದಿಮಸ್ ತೋರಿಸಿದ. ಹೇಳಿದ್ದು ನಾನೇ. ನನ್ನ ಹನ್ನೆರಡನೆಯ ಪುಸ್ತಕ, ನನ್ನದೇ ಮಾತು.

ಸೆಪ್ಟೆಂಬರ್ 12, ಗುರುವಾರ

ನಿನ್ನೆ ಹೆಚ್ಚು ಬರೆಯಲು ಕೈ ಬರಲಿಲ್ಲ. ಪರದೆಯ ಮೇಲಿದ್ದದ್ದು ಇದು: ‘ಪಕ್ ಸುಗೆಂಗ್. ಹಳೆಯ ಹೆಸರು ಪೊನಿಮನ್, ಹಾಗೆ ಎಂದೂ ಕರೆಯಬಾರದು. ನಾಲ್ಕು ತಿಂಗಳು ಹೃದಯದ ಕಾಯಿಲೆ, ಹೆಸರು ಬದಲಿಸಿದ ಮೇಲೆ ಗುಣ. ಕೆಂಪು ಬಿಳಿ ಗಂಜಿ ಬಹಳ ರುಚಿ. ಮುಂದಿನ ಸಲ ಹೋದಾಗ ಅಜ್ಜಿಯರಿಗೆ ಎಲೆ ಅಡಿಕೆ ಒಯ್ಯಬೇಕು.’

ಕರೆಯಬಾರದು ಎಂದು ಬರೆದಿದ್ದನ್ನು ಅದು ಬಿಟ್ಟಿತು. ಕಾಯಿಲೆಯನ್ನು ಮಾತ್ರ ಹೆಕ್ಕಿಕೊಂಡಿತು. ಹುಟ್ಟುಹಬ್ಬಕ್ಕೆ ಬೇಕಾದ ಹೆಸರನ್ನು ಸರ್ಕಾರಿ ಕಾಗದದಿಂದ ತೆಗೆದುಕೊಂಡಿತು. ಪ್ರೀತಿಯಿಂದ ಬರೆದಿಟ್ಟದ್ದಲ್ಲವೇ ನಾನು? ಮುಂದಿನ ಸಲ ಹೋದಾಗ ಬಾಯಿ ತಪ್ಪಬಾರದೆಂದು ಬರೆದಿಟ್ಟದ್ದಲ್ಲವೇ? ನನ್ನ ಕೈಯಿಂದಲೇ ನನ್ನ ಕಣ್ಣು ಚುಚ್ಚಿಸಿದರಲ್ಲ!

ಇನ್ನೂ ಒಂದಿದೆ. ಯಾರಿಗೂ ಹೇಳದ್ದನ್ನು ಇಲ್ಲಾದರೂ ಬರೆಯುತ್ತೇನೆ. ಒಂದೂವರೆ ವರ್ಷದ ಹಿಂದೆ ಪಾಲಿಸಿಯ ಅರ್ಜಿಯನ್ನು ನಾನೇ ತುಂಬಿದೆ. ಮಗ್ಗದ ಪಕ್ಕ ಕುಳಿತು ಒಂದೊಂದೇ ಪ್ರಶ್ನೆ ಓದಿದೆ. ‘ಹಿಂದೆ ಯಾವುದಾದರೂ ದೊಡ್ಡ ಕಾಯಿಲೆ ಇತ್ತೇ?’ ಸುಗೆಂಗ್ ಲಾಳಿ ನಿಲ್ಲಿಸಿ ಹೇಳಿದರು: “ನಿಮಗೇ ಗೊತ್ತಲ್ಲ ಬು. ಕಾಯಿಲೆ ಇದ್ದದ್ದು ಪೊನಿಮನ್‌ಗೆ. ಅವನನ್ನ ಕಳಿಸಿಯಾಯ್ತು. ಸುಗೆಂಗ್‌ಗೆ ಒಂದು ನೆಗಡೀನೂ ಬಂದಿಲ್ಲ.”

ಅವರು ಸುಳ್ಳು ಹೇಳಲಿಲ್ಲ. ನನ್ನ ಮುಖ ನೋಡಿಕೊಂಡೇ ಹೇಳಿದರು, ಏನನ್ನೂ ಮುಚ್ಚಿಡಲಿಲ್ಲ. ನನಗೂ ಅದು ಸರಿ ಅನ್ನಿಸಿತು. ಗಂಜಿ ಉಂಡವಳಲ್ಲವೇ ನಾನು? ‘ಇಲ್ಲ’ ಎಂಬ ಚೌಕದಲ್ಲಿ ಗುರುತು ಹಾಕಿದೆ. ಅವರು ಸಹಿ ಮಾಡಿದರು. ಆಮೇಲೆ ಸೋಯಾ ಕಾಳಿನ ಹುರಿದ ತೆಂಪೆ ತಿಂದೆವು.

ಸೆಪ್ಟೆಂಬರ್ 19, ಗುರುವಾರ

ದಿಮಸ್ ಮನೆಗೇ ಬಂದ, ಕೈಯಲ್ಲಿ ಕೇಕಿನ ಡಬ್ಬಿ. ಎಲ್ಲ ಹೇಳಿದೆ: ಅವರು ಮುಚ್ಚಿಡಲಿಲ್ಲ, ಗೊತ್ತಿದ್ದೂ ಗುರುತು ಹಾಕಿದ್ದು ನಾನು. ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

“ಬು, ಈ ಮಾತು ಇಲ್ಲಿಗೇ ಬಿಡಿ. ಏಜೆಂಟಿಗೆ ಗೊತ್ತಿತ್ತು ಅಂದ್ರೆ ಕಂಪನಿಗೇ ಗೊತ್ತಿತ್ತು ಅಂದ ಹಾಗೆ. ಅವ್ರು ಕ್ಲೇಮು ಕೊಡ್ಲೇಬೇಕಾಗುತ್ತೆ, ನಿಮ್ಮ ಲೈಸೆನ್ಸ್ ಹೋಗುತ್ತೆ.”

“ಕೊಡ್ಲಿ, ಅದೇ ತಾನೆ ಬೇಕಾಗಿರೋದು!”

“ಲೈಸೆನ್ಸ್ ಹೋದ್ರೆ ಇಪ್ಪತ್ತೇಳು ವರ್ಷದ ಕಮಿಷನ್ನೂ ಹೋಗುತ್ತೆ ಬು. ಆಮೇಲೆ ಏನ್ಮಾಡ್ತೀರಿ, ಯಜಮಾನ್ರ ಜೊತೆ ಪಾರಿವಾಳ ಸಾಕ್ತೀರಾ?”

ಆಮೇಲೆ ಡಬ್ಬಿ ಬಿಚ್ಚಿದ. ಮುಂದಿನ ವರ್ಷಕ್ಕೆ ನಮ್ಮ ಶಾಖೆಯಲ್ಲಿ ಏಜೆಂಟರೇ ಇರುವುದಿಲ್ಲವಂತೆ, ನಲವತ್ತು ಜನರಿಗೂ ಪತ್ರ ಸಿದ್ಧವಾಗಿದೆಯಂತೆ. ನನ್ನೊಬ್ಬಳನ್ನು ಮಾತ್ರ ಉಳಿಸಿಕೊಳ್ಳುತ್ತಾರೆ, ಸೆಕರ್‌ಗೆ ಪಾಠ ಹೇಳಲು. ತಿಂಗಳ ಸಂಬಳ, ಎಸಿ ಕೋಣೆ. ಕೇಕನ್ನು ಡಬ್ಬಿಗೇ ವಾಪಸ್ ಇಟ್ಟೆ. ನಲವತ್ತು ಜನ! ಅದರಲ್ಲಿ ಹನ್ನೊಂದು ಮಂದಿಗೆ ಈ ಕೆಲಸ ಕಲಿಸಿದವಳು ನಾನು. ‘ಹೋಗಿ ನೋಡಿ ಬರ್ತೀನಿ’ ಎಂದೆ. ಬೇಡ ಎನ್ನಲಿಲ್ಲ. ಹಾಗೆ ಯಾಕೆ ಅಂದೆನೋ ತಿಳಿಯದು.

ಸೆಪ್ಟೆಂಬರ್ 26, ಗುರುವಾರ

ಸೋಲೋದ ಎಸಿ ಕೋಣೆ. ಒಬ್ಬ ಹುಡುಗಿ ಪಕ್ಕದಲ್ಲಿ ಕುಳಿತು, “ಸೆಕರ್ ಕೇಳಿದ್ದಕ್ಕೆಲ್ಲ ನಿಮಗೆ ತೋಚಿದ ಹಾಗೆ ಉತ್ತರ ಕೊಡಿ ಬು,” ಎಂದಳು. ಸೆಕರ್ ಕೇಳಿತು, ನನ್ನದೇ ದನಿಯಲ್ಲಿ, ನನ್ನನ್ನೇ: “ವಿಧವೆ ಮುಖ ತಿರುಗಿಸಿದರೆ ಏನು ಹೇಳಬೇಕು?”

“ಏನೂ ಹೇಳ್ಬಾರ್ದು. ಕೂತು ಎಲೆ ಒರೆಸ್ಬೇಕು,” ಎಂದೆ. ‘ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ’ ಎಂದಿತು.

ಹುಡುಗಿ ಕಾಫಿ ತರಲು ಎದ್ದು ಹೋದಳು. ಪರದೆ ಹಾಗೆಯೇ ತೆರೆದಿತ್ತು. ನನ್ನ ಮುನ್ನೂರ ಹನ್ನೆರಡು ಮನೆಗಳೂ ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಮುಂದೆ ಒಂದು ಬಣ್ಣ. ನೋಡಬಾರದಿತ್ತೇನೋ, ನೋಡಿದೆ. ‘ಪೊನಿಮನ್. ಕ್ಲೇಮು ನಿರಾಕರಣೆ. ಹೆಂಡತಿ ದೂರು ಕೊಡುವ ಸಾಧ್ಯತೆ: ಬಹಳ ಕಡಿಮೆ. ಆಧಾರ: ಏಜೆಂಟರ ಟಿಪ್ಪಣಿ, ತುಗಿನೆಮ್ ಬಾಯಿ ಸತ್ತ ಹೆಂಗಸು, ಜಗಳ ಗೊತ್ತಿಲ್ಲ, ನಾನು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾಳೆ.’

ಯಾ ಅಲ್ಲಾ! ಅದನ್ನೂ ನಾನೇ ಬರೆದಿದ್ದೆ, ಮುದ್ದಿನಿಂದ. ಅವಳಿಗೆ ಬಾಯಿಲ್ಲವೆಂದೇ ಒಂಬತ್ತು ನಿಮಿಷದಲ್ಲಿ ಇಲ್ಲವೆಂದರು. ಬೇರೆ ಹೆಂಗಸಾಗಿದ್ದರೆ ಹತ್ತು ಸಲ ಯೋಚಿಸುತ್ತಿದ್ದರು.

ಹುಡುಗಿ ಕಾಫಿ ತಂದಾಗ ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. “ಹೊರಟ್ರಾ ಬು? ಮನೇಲಿ ಎಲ್ಲ ಆರಾಮಾ?” ಎಂದು ಕೇಳಿದಳು. ‘ಆರಾಮ’ ಎಂದೆ.

ಸೆಪ್ಟೆಂಬರ್ 27, ಶುಕ್ರವಾರ

ಬೆಳಿಗ್ಗೆ ಅಂಚೆ ಕಚೇರಿಗೆ ಹೋಗಿ ಸರ್ಕಾರಿ ಸ್ಟಾಂಪು ತಂದು ಹಚ್ಚಿ, ಮೂರು ಪುಟ ಕೈಯಲ್ಲೇ ಬರೆದೆ. ಅವರು ಹೇಳಿದ್ದರು, ನಾನು ಕೇಳಿಸಿಕೊಂಡಿದ್ದೆ, ‘ಇಲ್ಲ’ ಎಂದು ಗುರುತು ಹಾಕಿದ್ದು ನಾನು. ಒಂದು ಪ್ರತಿ ಕಂಪನಿಯ ಮುಖ್ಯ ಕಚೇರಿಗೆ, ಇನ್ನೊಂದು ವಿಮೆಯ ದೂರು ಕೇಳುವ ಸರ್ಕಾರಿ ಕಚೇರಿಗೆ. ರಿಜಿಸ್ಟರ್ ಅಂಚೆ. ಅಂಚೆಯವನು ಲಕೋಟೆಯ ಮೇಲೆ ಮೊಹರು ಕುಟ್ಟಿದಾಗ ಬೆಚ್ಚಿಬಿದ್ದೆ.

ನಮ್ಮವರಿಗೆ ಹೇಳಿದೆ. ಪಾರಿವಾಳಕ್ಕೆ ಕಾಳು ಹಾಕಿ ಮುಗಿಸಿದರು. ಆಮೇಲೆ, “ಕುಕ್ಕರ್ ವಾಪಸ್ ಕೇಳ್ತಾರೇನೇ?” ಎಂದರು.

ಅಕ್ಟೋಬರ್ 1, ಮಂಗಳವಾರ

ತುಗಿನೆಮಳಿಗೂ ಎಲ್ಲ ಹೇಳಿದೆ. ಅವಳು ನೂಲು ಸುತ್ತುತ್ತಿದ್ದಳು, ಸುತ್ತುತ್ತಲೇ ಕೇಳಿದಳು.

“ಅಂದ್ರೆ, ನಮ್ಮನೆ ಗಂಜಿ ಉಂಡು ಹೋಗಿ ಬರ್ಕೊಂಡೆ.”

“ಹೂಂ.”

“ನಾನು ಬಾಯಿ ಸತ್ತೋಳು ಅಂತಾನೂ ಬರ್ಕೊಂಡೆ.”

“ಹೂಂ, ನೆಮ್.”

“ನಮ್ಮ ಅಜ್ಜೀರ್ದು? ಅವ್ರದ್ದೂ ಬರೆದಿದ್ಯಾ?”

“ಎಲ್ಲಾರ್ದೂ.”

ನೂಲು ಸುತ್ತುವ ರಾಟೆ ನಿಂತಿತು. ಇವಳಿಗೆ ಸಿಟ್ಟು ಬರುವುದನ್ನು ನಾನು ಎಂದೂ ನೋಡಿರಲಿಲ್ಲ. ಎದ್ದು ನಿಂತು, ಬಾಗಿಲ ಕಡೆ ಕೈ ತೋರಿಸಿ, ಕೇರಿಗೆಲ್ಲ ಕೇಳುವ ಹಾಗೆ ಕೂಗಿದಳು: “ಹೋಗು! ಏನೂ ಬರ್ಕೊಳ್ಳದೆ ಮನುಷ್ಯರ ಮನೆಗೆ ಬರೋದು ಕಲ್ತ್ಮೇಲೆ ಬಾ!”

ಬಂದುಬಿಟ್ಟೆ. ದಾರಿಯುದ್ದಕ್ಕೂ ಅಳು. ನಿಜ ಹೇಳಿದ ಮೇಲೆ ಮನಸ್ಸು ಹಗುರವಾಗುತ್ತದೆ ಎಂದವರು ಯಾರೋ? ನನಗೆ ಹಾಗೇನೂ ಆಗಲಿಲ್ಲ.

ಅಕ್ಟೋಬರ್ 12, ಶನಿವಾರ

ಕಂಪನಿಯಿಂದ ಸದ್ದಿಲ್ಲ. ನಿನ್ನೆ ನಲವತ್ತನೇ ದಿನದ ಊಟ ಮುಗಿದಿದೆ, ಇವತ್ತು ಲಾರಿ. ಕರೆಯದಿದ್ದರೂ ಹೋದೆ. ಅವರ ತೆರೆದ ಬಾಗಿಲಿಗೆ ಎದುರಾದ ಚಹಾ ಅಂಗಡಿಯಲ್ಲಿ ಕಳ್ಳಿಯ ಹಾಗೆ ನಿಂತು ನೋಡಿದೆ.

ಹತ್ತೂವರೆಗೆ ಲಾರಿ ಬಂತು. ಕಪ್ಪು ಕನ್ನಡಕದ ಹೋಟೆಲಿನವನು, ಹೊರುವವರು ನಾಲ್ವರು, ಮುಂದೆ ಕರ್ಯದಿ. ಒಳಗಿನಿಂದ ಟಕ ಟಕ ಸದ್ದು ಕೇಳುತ್ತಿತ್ತು. ಐದು ಮಗ್ಗಗಳ ಮೇಲೆ ಐದು ಹೆಂಗಸರು ಕುಳಿತು ನೇಯುತ್ತಿದ್ದರು. ನಾಲ್ವರು ಅಜ್ಜಿಯರು, ತುಗಿನೆಮ್. ಆರನೆಯದು, ಸುಗೆಂಗ್ ಅವರದು, ಬರಿದಾಗಿತ್ತು.

“ಏಳ್ರಮ್ಮ,” ಎಂದ ಕರ್ಯದಿ.

“ಮಗ್ಗಕ್ಕೆ ಹಾಕಿರೋ ಈ ಹಾಸುನೂಲು ಮುಗೀಲಿ ಭಾವ. ಅರ್ಧಕ್ಕೆ ಕೊಯ್ದ್ರೆ ಮನೆಗೆ ಒಳ್ಳೇದಲ್ಲ,” ಎಂದಳು ತುಗಿನೆಮ್.

“ಎಷ್ಟು ಹೊತ್ತಾಗುತ್ತೆ?”

“ನಲವತ್ತು ಗಜ ಇದೆ. ನಾವು ವಯಸ್ಸಾದೋರು, ನಿಧಾನ.” ಹಿರಿಯ ಅಜ್ಜಿ ಹೋಟೆಲಿನವನಿಗೆ, “ಕೂತ್ಕೋ ಮಗ, ನಿನ್ನೆ ಊಟದ ಅನ್ನ ಇದೆ, ಉಣ್ಣು,” ಎಂದಳು. ಅವನು ಎರಡು ಗಂಟೆ ಕಾದ. ಕೊಟ್ಟಿದ್ದನ್ನು ಉಂಡ. ಹೆಂಗಸರನ್ನು ಎತ್ತಿ ಇಳಿಸಲು ಯಾರಿಗೂ ಧೈರ್ಯ ಸಾಲಲಿಲ್ಲ. ಆರನೆಯ ಮಗ್ಗಕ್ಕೆ ಕೈ ಹಾಕಲು ಹೋದಾಗ ತುಗಿನೆಮ್ ತಲೆ ಎತ್ತಿ ಚಹಾ ಅಂಗಡಿಯತ್ತ ನೇರವಾಗಿ ನೋಡಿ ಕೂಗಿದಳು:

“ಅಲ್ಲಿ ನಿಂತ್ಕೊಂಡು ಏನ್ ನೋಡ್ತಿದ್ದೀಯಕ್ಕ? ಬಂದು ಇದ್ರ ಮೇಲೆ ಕೂರು!”

ಓಡಿ ಹೋಗಿ ಕುಳಿತೆ. ನೇಯಲು ಬರುವುದಿಲ್ಲ, ಸುಮ್ಮನೆ ಹಲಗೆ ತುಳಿದೆ. ಲಾರಿ ಬರಿದಾಗಿ ಹೋಯಿತು. ‘ಮುಂದಿನ ತಿಂಗಳು ಬರ್ತೀನಿ, ಆಗ ನೋಡ್ಕೊತೀನಿ’ ಎಂದು ಕರ್ಯದಿ ಹಲ್ಲು ಕಡಿದ. ತುಗಿನೆಮ್ ನನ್ನತ್ತ ತಿರುಗದೆ ಮತ್ತೆ ನೇಯತೊಡಗಿದಳು.

ಅಕ್ಟೋಬರ್ 30, ಬುಧವಾರ

ಬೆಳಿಗ್ಗೆ ಎಂಟಕ್ಕೆ ಮೊಬೈಲು ಬಡಿದುಕೊಂಡಿತು. ನನ್ನ ದನಿ.

“ಒಂದು ತುತ್ತಾದ್ರೂ ಉಂಡ್ರಾ, ಬು ವಿನಾರ್ಸಿ? ಮೊದ್ಲು ಉಂಡು ಬನ್ನಿ, ನಾನು ಕಾಯ್ತೀನಿ. ಕಾಗದ ಎಲ್ಲೂ ಓಡಿಹೋಗಲ್ಲ.”

ಎಷ್ಟು ಚೆನ್ನಾಗಿ ಹೇಳುತ್ತದೆ! ನಾನು ಇಷ್ಟು ಚೆನ್ನಾಗಿ ಹೇಳುತ್ತಿದ್ದೆನೇ? ಕೆಟ್ಟ ಸುದ್ದಿ ಎಂದು ಆಗಲೇ ಗೊತ್ತಾಯಿತು. ಸುಳ್ಳು ಅರ್ಜಿ ತುಂಬಿದ್ದಕ್ಕೆ ಲೈಸೆನ್ಸ್ ರದ್ದು, ಕಮಿಷನ್ ರದ್ದು, ಇವತ್ತಿನಿಂದಲೇ. ಗೊತ್ತಿದ್ದದ್ದೇ. ಇಪ್ಪತ್ತೇಳು ವರ್ಷ ಅರ್ಧ ನಿಮಿಷದಲ್ಲಿ ಮುಗಿಯಿತು. ನಿಮ್ಮ ದನಿ ಮಾತ್ರ ಒಪ್ಪಂದದಂತೆ ಕಂಪನಿಗೇ ಸೇರಿದ್ದು ಎಂದು ಕೊನೆಯಲ್ಲಿ ಹೇಳಿತು. ಹಾಗೆಂದು ಸಹಿ ಹಾಕಿದ್ದೆನಂತೆ.

ಹನ್ನೊಂದು ಗಂಟೆಗೆ ಹಿರಿಯ ಅಜ್ಜಿ ಯಾರದೋ ಬೈಕಿನ ಹಿಂದೆ ಕುಳಿತು ಬಂದಳು. ಈ ವಯಸ್ಸಿನಲ್ಲಿ, ಪೆದಾನ್‌ನಿಂದ! ಇಳಿಯುವಾಗಲೇ ಕೂಗಿದಳು: “ಕ್ಲೇಮಿನ ಕಾಗದ ಬಂತಂತೆ! ಪೂರ್ತಿ ಕೊಡ್ತಾರಂತೆ! ನೂಲಿಗೆ ಹೇಳಿ ಕಳಿಸಿದ್ದಾಳೆ. ಮಗ್ಗ ಎಲ್ಲೂ ಹೋಗಲ್ಲ!” ನಮ್ಮವರ ಪಾರಿವಾಳಗಳೆಲ್ಲ ಬೆದರಿ ರೆಕ್ಕೆ ಬಡಿದವು. ನಾನು ಮೆಟ್ಟಿಲ ಮೇಲೆ ಕುಳಿತು ಗಟ್ಟಿಯಾಗಿ ಅತ್ತೆ.

“ನೆಮ್ ಏನಂದ್ಲು?” ಎಂದು ಕೇಳಿದೆ.

“ನಿಂಗೇನೂ ಹೇಳಿ ಕಳಿಸ್ಲಿಲ್ಲ,” ಎಂದಳು ಅಜ್ಜಿ.

ಡಿಸೆಂಬರ್ 10, ಮಂಗಳವಾರ

ನೂರನೇ ದಿನದ ಊಟ. ತುಗಿನೆಮ್ ತಾನೇ ಬಂದು ಕರೆದಳು. ‘ಚೀಲ ತರಬೇಡ, ಮೊಬೈಲೂ ತರಬೇಡ’ ಎಂದಿದ್ದಳು. ಬರಿಗೈಯಲ್ಲಿ ಹೋದೆ, ಮೈಮೇಲೆ ಬಟ್ಟೆಯಿಲ್ಲದ ಹಾಗೆ ಅನ್ನಿಸಿತು.

ಹಿತ್ತಿಲಲ್ಲಿ ಎಲೆ ಒರೆಸಿದೆವು. ಒಳಗೆ ತುಗಿನೆಮಳದನ್ನು ಬಿಟ್ಟು ಉಳಿದ ಮಗ್ಗಗಳೆಲ್ಲ ನಡೆಯುತ್ತಿದ್ದವು, ಸುಗೆಂಗ್ ಅವರ ಆರನೆಯದೂ. ಆರನೆಯದಕ್ಕೆ ಯಾರನ್ನು ಕೂರಿಸಿದ್ದಾಳೆ, ಯಾಕೆ ಅವರನ್ನೇ ಕೂರಿಸಿದಳು ಎಂಬುದನ್ನು ನನಗೊಬ್ಬಳಿಗೇ ಹೇಳಿದಳು. ಸುಗೆಂಗ್ ಬಗ್ಗೆಯೂ ಒಂದು ಮಾತು ಹೇಳಿದಳು, ಮದುವೆಯಾದ ಹೊಸತರಲ್ಲಿನದು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಊಟಕ್ಕೆ ಮೊದಲು ಅಜ್ಜಿಯರು ಎರಡು ಬಟ್ಟಲು ತಂದು ನನ್ನ ಮುಂದೆ ಇಟ್ಟರು. ಒಂದರಲ್ಲಿ ಕೆಂಪು ಗಂಜಿ, ಒಂದರಲ್ಲಿ ಬಿಳಿ ಗಂಜಿ. ಇದು ಸತ್ತವರ ಊಟದಲ್ಲಿ ಬಡಿಸುವ ಗಂಜಿಯಲ್ಲ. ನಾನು ಎಲ್ಲರ ಮುಖ ನೋಡಿದೆ.

“ಇದ್ಯಾರಿಗೆ ನೆಮ್? ಯಾರಿಗೆ ಹುಷಾರಿಲ್ಲ?”

“ನಿಂಗೇ ಅಕ್ಕ,” ಎಂದಳು ತುಗಿನೆಮ್. “ನಿನ್ನ ಹಳೇ ಹೆಸ್ರನ್ನೂ ದನೀನೂ ಆ ಯಂತ್ರ ಹಿಡ್ಕೊಂಡುಬಿಟ್ಟಿದೆ. ಕರೆದ್ರೆ ಅದೇ ಓಗೊಡುತ್ತೆ. ಭಾರ ಆಗಿದೆ ಆ ಹೆಸ್ರು, ಇಳಿಸ್ಬಿಡು. ಉಣ್ಣು.”

ಎರಡು ಬಟ್ಟಲೂ ಉಂಡೆ. ಹಿರಿಯ ಅಜ್ಜಿ ನನ್ನ ಕಿವಿಯ ಹತ್ತಿರ ಬಾಗಿ ಹೊಸ ಹೆಸರನ್ನು ಹೇಳಿದಳು. ಆಮೇಲೆ ಒಬ್ಬೊಬ್ಬರಾಗಿ ಆ ಹೆಸರಿನಿಂದ ನನ್ನನ್ನು ಕರೆದರು, ಕೊನೆಗೆ ತುಗಿನೆಮ್. ಪ್ರತಿ ಸಲವೂ ‘ಹೂಂ’ ಎಂದೆ.

ಮನೆಗೆ ಬಂದು ನಮ್ಮವರಿಗೂ ಹೇಳಿದೆ. ಪಾರಿವಾಳಕ್ಕೆ ಕೇಳದ ಹಾಗೆ ಮೆಲ್ಲಗೆ ಎರಡು ಸಲ ಹೇಳಿ ನೋಡಿ, “ಚೆನ್ನಾಗಿದೆ,” ಎಂದರು.

ನಿಜವಾಗಿಯೂ ಚೆನ್ನಾಗಿದೆ. ಇಲ್ಲಿ ಬರೆಯುವುದಿಲ್ಲ.